ನಾಲ್ಕು ಡಿಸ್ಕ್‌ಗಳ ಸರ್ವರ್: ರೇಡ್ 5 ಸಾಕೇ, ರೇಡ್ 6 ಬೇಕೇ?

ಪ್ರಶ್ನೆ

ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದೊಂದು ಫೋಟೊ ಸ್ಟುಡಿಯೊ ಇದೆ. ಮದುವೆ, ಗೃಹಪ್ರವೇಶಗಳ ಫೋಟೊ ಮತ್ತು ವಿಡಿಯೊಗಳನ್ನು ಇದುವರೆಗೆ ಬಿಡಿ ಹಾರ್ಡ್ ಡಿಸ್ಕ್‌ಗಳಿಗೆ ತುಂಬಿ ಕಪಾಟಿನಲ್ಲಿ ಇಡುತ್ತಿದ್ದೆವು. ಕಳೆದ ತಿಂಗಳು ಅವುಗಳಲ್ಲೊಂದು ಟಕ್ ಟಕ್ ಸದ್ದು ಮಾಡುತ್ತ ನಿಂತುಹೋಗಿ, ಆಲ್ಬಮ್ ಅಚ್ಚಿಗೆ ಹೋಗುವ ಮೊದಲೇ ಒಂದು ಮದುವೆಯ ಮೂಲ ಚಿತ್ರಗಳೆಲ್ಲ ಕೈತಪ್ಪಿದವು. ಆದ್ದರಿಂದ ಹಳೆಯ ಕಂಪ್ಯೂಟರೊಂದಕ್ಕೆ ಡೆಬಿಯನ್ ಎಂಬ ಲಿನಕ್ಸ್ ಹಾಕಿ, 4 ಟಿಬಿಯ ನಾಲ್ಕು ಡಿಸ್ಕ್‌ಗಳನ್ನು ಜೋಡಿಸಿದ್ದೇನೆ. ನಾಲ್ಕನ್ನೂ ಒಂದೇ ಅಂಗಡಿಯಲ್ಲಿ, ಒಂದೇ ದಿನ ಕೊಂಡದ್ದು. ಇವನ್ನು ರೇಡ್ ಮಾಡಬೇಕೆಂದಿದ್ದೇನೆ, ಅಂದರೆ ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ ಎಲ್ಲವನ್ನೂ ಒಂದಾಗಿ ಜೋಡಿಸುವುದು. ರೇಡ್ 5 ಮಾಡಿದರೆ 12 ಟಿಬಿ ಸಿಗುತ್ತದೆ. ರೇಡ್ 6 ಅಥವಾ ರೇಡ್ 10 ಮಾಡಿದರೆ 8 ಟಿಬಿ ಮಾತ್ರ. ನಮ್ಮಲ್ಲಿ ಕರೆಂಟು ಆಗಾಗ ಹೋಗಿಬರುತ್ತದೆ ಎಂಬುದನ್ನೂ ಗಮನದಲ್ಲಿಟ್ಟು ತಿಳಿದವರು ಸಲಹೆ ನೀಡಬೇಕೆಂದು ಕೋರುತ್ತೇನೆ.

ಉತ್ತರ 1

ರೇಡ್ 6 ಮಾಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ರೇಡ್ 5ರಲ್ಲಿ ಒಂದು ಡಿಸ್ಕ್ ಕೆಟ್ಟು ಹೊಸದನ್ನು ಹಾಕಿದಾಗ, ಉಳಿದ ಮೂರನ್ನೂ ಮೊದಲಿನಿಂದ ಕೊನೆಯವರೆಗೆ ಓದಿಯೇ ನಾಲ್ಕನೆಯದನ್ನು ಮರಳಿ ಕಟ್ಟಬೇಕಾಗುತ್ತದೆ. ಸೆಕೆಂಡಿಗೆ 150 ಎಂಬಿ ವೇಗ ಸಿಕ್ಕರೂ 4 ಟಿಬಿಗೆ ಏಳು ಗಂಟೆಗಿಂತ ಹೆಚ್ಚು ಬೇಕು. ನಡುವೆ ನೀವು ಕೆಲಸವನ್ನೂ ಮಾಡುತ್ತಿದ್ದರೆ ಇನ್ನೂ ತಡವಾಗುತ್ತದೆ. ಆ ಹೊತ್ತಿನಲ್ಲಿ ಉಳಿದ ಮೂರರಲ್ಲಿ ಯಾವುದಾದರೂ ಒಂದು ಸೆಕ್ಟರ್ (ಡಿಸ್ಕ್‌ನ ಸಣ್ಣ ತುಣುಕು) ಓದಲಾಗದಿದ್ದರೆ ಆ ಜಾಗದ ಡೇಟಾವನ್ನು ಲೆಕ್ಕ ಹಾಕಿ ಪಡೆಯಲು ಬೇರೆ ಆಧಾರವೇ ಇರುವುದಿಲ್ಲ. ನಿಮ್ಮ ನಾಲ್ಕೂ ಡಿಸ್ಕ್‌ಗಳು ಒಂದೇ ಬ್ಯಾಚಿನವಾಗಿರಬಹುದು, ಸವೆಯುವುದೂ ಜೊತೆಜೊತೆಗೇ.

ಡಿಸ್ಕ್‌ಗಳನ್ನು ಜೋಡಿ ಮಾಡಿ ಒಂದರ ಪ್ರತಿಯನ್ನು ಇನ್ನೊಂದರಲ್ಲಿಡುವ ರೇಡ್ 10 ಬೇಗ ಚೇತರಿಸಿಕೊಳ್ಳುತ್ತದೆ ನಿಜ. ಆದರೆ ಎರಡನೆಯದಾಗಿ ಕೆಡುವುದು ಮೊದಲು ಕೆಟ್ಟದ್ದರ ಜೋಡಿಯೇ ಆಗಿದ್ದರೆ ಎಲ್ಲವೂ ಹೋಗುತ್ತದೆ. ರೇಡ್ 6ರಲ್ಲಿ ಯಾವ ಎರಡು ಕೆಟ್ಟರೂ ನಡೆಯುತ್ತದೆ. ಸಣ್ಣ ಸಣ್ಣ ಬರವಣಿಗೆಗಳಲ್ಲಿ ಅದು ನಿಧಾನವೆಂಬುದು ದೊಡ್ಡ ಫೈಲುಗಳ ನಿಮ್ಮ ಕೆಲಸಕ್ಕೆ ಅಷ್ಟಾಗಿ ತೊಡಕಾಗದು. ಇನ್ನು ಕರೆಂಟಿನ ವಿಷಯ: ಡೇಟಾ ಬರೆದು ಪ್ಯಾರಿಟಿ (ಕೆಟ್ಟ ಡಿಸ್ಕ್‌ನ ಡೇಟಾವನ್ನು ಲೆಕ್ಕ ಹಾಕಿ ಪಡೆಯಲು ಇಡುವ ಹೆಚ್ಚುವರಿ ಮಾಹಿತಿ) ಬರೆಯುವ ಮೊದಲೇ ವಿದ್ಯುತ್ ಕಡಿತವಾದರೆ ಅವೆರಡೂ ತಾಳೆಯಾಗುವುದಿಲ್ಲ. ಯುಎಸ್‌ಬಿ ತಂತಿಯಿರುವ ಯುಪಿಎಸ್ ಕೊಂಡು, ಬ್ಯಾಟರಿ ಇಳಿದಾಗ ಸರ್ವರ್ ತಾನಾಗಿಯೇ ಮುಚ್ಚಿಕೊಳ್ಳುವಂತೆ ಏರ್ಪಾಡು ಮಾಡಿ.

ಉತ್ತರ 2

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ರೇಡ್ ಕಟ್ಟುವ ಮೊದಲೇ ನೋಡಬೇಕಾದ ಒಂದು ಸಂಗತಿ ಇದೆ. ಮನೆಬಳಕೆಯ ಡಿಸ್ಕ್ ಕೆಟ್ಟ ಸೆಕ್ಟರ್ ಸಿಕ್ಕಾಗ ಅದನ್ನೇ ಓದಲು ಒಂದು ನಿಮಿಷಕ್ಕೂ ಮೀರಿ ಹೆಣಗಬಹುದು. ಲಿನಕ್ಸ್ ಕರ್ನೆಲ್ (ಡಿಸ್ಕ್ ಮುಂತಾದವನ್ನು ನಡೆಸುವ ಅದರ ತಿರುಳು) ಸಾಮಾನ್ಯವಾಗಿ ಕಾಯುವುದು 30 ಸೆಕೆಂಡು ಮಾತ್ರ. ಆಮೇಲೆ ಅದು ಡಿಸ್ಕನ್ನು ರೀಸೆಟ್ ಮಾಡಲು ಹೋಗುತ್ತದೆ, ಹೀಗಾಗಿ ಒಂದೇ ಸೆಕ್ಟರಿನ ದೆಸೆಯಿಂದ ಇಡೀ ಡಿಸ್ಕ್ ರೇಡ್‌ನಿಂದ ಹೊರಬೀಳುತ್ತದೆ. ಡಿಸ್ಕ್ ಪರೀಕ್ಷಿಸುವ ಸ್ಮಾರ್ಟ್‌ಸಿಟಿಎಲ್ ಎಂಬ ತಂತ್ರಾಂಶದಲ್ಲಿ ಎಸ್‌ಸಿಟಿ ಇಆರ್‌ಸಿ ಮಿತಿಯನ್ನು, ಅಂದರೆ ಡಿಸ್ಕ್ ಹೀಗೆ ಹೆಣಗಬಹುದಾದ ಅವಧಿಯನ್ನು, 7 ಸೆಕೆಂಡಿಗೆ ಇಳಿಸಿ. ಅನೇಕ ಡಿಸ್ಕ್‌ಗಳು ಕರೆಂಟು ಹೋದಾಗ ಇದನ್ನು ಮರೆಯುವುದರಿಂದ ಪ್ರತಿ ಬೂಟ್‌ನಲ್ಲೂ ಆ ಆಜ್ಞೆ ಓಡಬೇಕು. ಡಿಸ್ಕ್‌ನಲ್ಲಿ ಆ ಸೌಲಭ್ಯವೇ ಇಲ್ಲದಿದ್ದರೆ ಕರ್ನೆಲ್ ಕಾಯುವ ಅವಧಿಯನ್ನು 180 ಸೆಕೆಂಡಿಗೆ ಏರಿಸಿ. ಮಾಡೆಲ್ ಸಂಖ್ಯೆಯನ್ನು ನೋಡಿ ಅವು ಎಸ್‌ಎಂಆರ್ (ಸಾಲುಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವ, ಮರುಬರಹದಲ್ಲಿ ನಿಧಾನವಾಗುವ) ಡಿಸ್ಕ್‌ಗಳಲ್ಲವೆಂದು ಖಚಿತಪಡಿಸಿಕೊಳ್ಳಿ. ನ್ಯಾಸ್‌ಗೆಂದೇ (ನೆಟ್‌ವರ್ಕ್‌ನಲ್ಲಿ ಫೈಲು ಇಡುವ ಸರ್ವರ್‌ಗಳಿಗೆಂದೇ) ಮಾರುತ್ತಿದ್ದ ಕೆಲವು ಡಿಸ್ಕ್‌ಗಳೂ ಎಸ್‌ಎಂಆರ್ ಆಗಿದ್ದವೆಂಬುದು 2020ರಲ್ಲಿ ಬಯಲಾಗಿತ್ತು.

ಇನ್ನೊಂದು, ನಾನೇ ಮಾಡಿದ ಎಡವಟ್ಟು. ಎಸ್‌ಡಿಬಿ (ಲಿನಕ್ಸ್ ಡಿಸ್ಕ್‌ಗಳಿಗೆ ಎ, ಬಿ, ಸಿ ಅಕ್ಷರ ಸೇರಿಸಿ ಕೊಡುವ ಹೆಸರು) ಕೆಟ್ಟಿದೆ ಎಂಬ ಸಂದೇಶ ನೋಡಿ, ಮೇಲಿನಿಂದ ಎರಡನೆಯ ಡಿಸ್ಕನ್ನು ಎಳೆದುಬಿಟ್ಟೆ. ಅದು ಚೆನ್ನಾಗಿದ್ದ ಡಿಸ್ಕ್. ಆ ಅಕ್ಷರಗಳು ಬೂಟ್‌ನಿಂದ ಬೂಟ್‌ಗೆ ಅದಲುಬದಲಾಗುತ್ತವೆ. ಪ್ರತಿ ಡಿಸ್ಕ್‌ನ ಸೀರಿಯಲ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಚೀಟಿಯಲ್ಲಿ ಬರೆದು, ಮುಚ್ಚಳ ತೆಗೆದೊಡನೆ ಕಾಣುವ ಕಡೆ ಅಂಟಿಸಿ.

ಉತ್ತರ 3

ರೇಡ್ ಎಷ್ಟೇ ಚೆನ್ನಾಗಿದ್ದರೂ, ಹುಡುಗರು ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಅದು ನಾಲ್ಕೂ ಡಿಸ್ಕ್‌ಗಳಿಂದ ಒಟ್ಟಿಗೇ ಅಳಿಯುತ್ತದೆ. ಕಪಾಟಿನ ಹಳೆಯ ಡಿಸ್ಕ್‌ಗಳನ್ನು ಎಸೆಯಬೇಡಿ. ವಾರಕ್ಕೊಮ್ಮೆ ಅವುಗಳಿಗೆ ಪ್ರತಿ ತೆಗೆದು ಸ್ಟುಡಿಯೊದಲ್ಲಲ್ಲ, ಮನೆಯಲ್ಲಿಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ರೇಡ್ 6 ಮಾಡಿದೆ. ನಾಲ್ಕು ಡಿಸ್ಕ್‌ಗಳಲ್ಲಿ ಎರಡಕ್ಕೆ ಇಆರ್‌ಸಿ ಸೌಲಭ್ಯವೇ ಇರಲಿಲ್ಲ, ಅವುಗಳಿಗೆ 180 ಸೆಕೆಂಡು ಇಟ್ಟಿದ್ದೇನೆ. ಗ್ರಾಹಕರ ಚಿತ್ರಗಳನ್ನು ತುಂಬುವ ಮೊದಲು, ಸರ್ವರ್ ಬಂದ್ ಮಾಡಿ ಒಂದು ಡಿಸ್ಕ್‌ನ ತಂತಿ ಕಳಚಿ, ಆ ಡಿಸ್ಕ್ ಇಲ್ಲದೆಯೇ ಸರ್ವರನ್ನು ಮತ್ತೆ ಚಾಲೂ ಮಾಡಿ ನೋಡಿದೆ. ಫೈಲುಗಳೆಲ್ಲ ತೆರೆದವು, ಎಚ್ಚರಿಕೆಯ ಮಿಂಚಂಚೆ ಮಾತ್ರ ಬರಲೇ ಇಲ್ಲ. ನೋಡಿದರೆ, ರೇಡ್ ನಡೆಸುವ ಎಂಡಿ-ಆಡಮ್ ತಂತ್ರಾಂಶದ ಸಂರಚನೆಯಲ್ಲಿ ಮಿಂಚಂಚೆಯ ವಿಳಾಸ ರೂಟ್ (ಸರ್ವರ್‌ನ ಒಳಗಿನ ಖಾತೆ) ಎಂದಷ್ಟೇ ಇತ್ತು. ಅದನ್ನು ತಿದ್ದಿ, ಆ ಡಿಸ್ಕನ್ನು ಪೂರ್ತಿ ಅಳಿಸಿ ಹೊಸದರಂತೆ ಮರಳಿ ಸೇರಿಸಿದ್ದೇನೆ. ಮರುಜೋಡಣೆ ಮುಗಿಯಲು ಎಂಟೂವರೆ ಗಂಟೆ ಹಿಡಿಯಿತು.