ಸಿಲಿಕೋನ್ ‘ಒಣಗುತ್ತದೆ’ ಎನ್ನಬಹುದೇ?

ಮಾನ್ಯರೇ,

ಗಂಗಾವತಿ, ಸಿಂಧನೂರು ಭಾಗದ ಟ್ರ್ಯಾಕ್ಟರ್ ಹಾಗೂ ಡೀಸೆಲ್ ಪಂಪ್‌ಸೆಟ್ ಮೆಕ್ಯಾನಿಕ್‌ಗಳಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಸೈಲೆನ್ಸರ್ ಪೈಪಿನ ಜಾಯಿಂಟುಗಳಿಗೆ ಹೆಚ್ಚು ಕಾವು ತಾಳುವ ಸಿಲಿಕೋನ್ ಹಚ್ಚುವ ಭಾಗದಲ್ಲಿ ಒಂದು ಕ್ರಿಯಾಪದ ತೊಡಕಾಗಿದೆ.

ಟ್ಯೂಬಿನಿಂದ ಹಿಂಡಿದ ಕೆಂಪು ಪೇಸ್ಟು ರಬ್ಬರಾಗುವ ಕ್ರಿಯೆಗೆ ಇಂಗ್ಲಿಷಿನಲ್ಲಿ ‘ಕ್ಯೂರ್’ ಎನ್ನುತ್ತಾರೆ. ಕನ್ನಡದ ಸೂಚನೆಗಳಲ್ಲಿ ಅದು ಸಲೀಸಾಗಿ ‘ಒಣಗಲು ಬಿಡಿ’ ಎಂದಾಗುತ್ತದೆ. ಒಣಗುವುದೆಂದರೆ ತೇವ ಆರಿಹೋಗುವುದು. ಇಲ್ಲಿ ನಡೆಯುವುದು ತದ್ವಿರುದ್ಧ: ಸಿಲಿಕೋನ್ ಗಾಳಿಯ ತೇವವನ್ನು ಹೀರಿ, ಅದರೊಡನೆ ರಾಸಾಯನಿಕವಾಗಿ ವರ್ತಿಸಿ, ಹೊರಮೈಯಿಂದ ಒಳಕ್ಕೆ ಬಿಗಿಯುತ್ತ ಹೋಗುತ್ತದೆ, ಕೆಲವು ಬಗೆಯವು ಆಗ ಅಸಿಟಿಕ್ ಆಮ್ಲ ಬಿಡುವುದರಿಂದ ವಿನೆಗರ್ ಘಾಟು ಬರುತ್ತದೆ.

ಇದು ಬರಿಯ ಪದದ ಸೂಕ್ಷ್ಮವಲ್ಲ. ‘ಒಣಗಲು’ ಎಂದು ಓದಿದವರು ಅದನ್ನು ಬಿಸಿಲಿಗಿಡುತ್ತಾರೆ, ಇಲ್ಲವೇ ಇಂಜಿನ್ ಓಡಿಸಿ ಕಾಯಿಸುತ್ತಾರೆ. ಮೇಲೆ ಪೊರೆ ಬೇಗ ಕಟ್ಟುತ್ತದೆ, ಆದರೆ ಉಗುರಿನಿಂದ ಒತ್ತಿದರೆ ಒಳಗಿನದು ಹಸಿಯಾಗಿಯೇ ಜಾರುತ್ತದೆ. ಆಗ ಇಂಜಿನ್ ಓಡಿಸಿದರೆ ಹೊಗೆ ಆ ಹಸಿ ಭಾಗವನ್ನು ಸೀಳಿಕೊಂಡು ಹೊರಬರುತ್ತದೆ. ಪೂರ್ತಿ ಬಿಗಿಯಲು ಸಾಮಾನ್ಯವಾಗಿ 24 ಗಂಟೆ ಬೇಕು. ರಾಯಚೂರಿನ ಏಪ್ರಿಲ್, ಮೇ ತಿಂಗಳ ಒಣಗಾಳಿಯಲ್ಲಂತೂ ತೇವ ಕಡಿಮೆಯಾದಷ್ಟೂ ಈ ಕ್ರಿಯೆ ನಿಧಾನವಾಗುತ್ತದೆ.

ಹಾಗಾದರೆ ಯಾವ ಪದ? ‘ಗಟ್ಟಿಯಾಗು’ ಎಂದರೆ ಕಲ್ಲಿನಂತಾಗುವ ನಿರೀಕ್ಷೆ ಹುಟ್ಟುತ್ತದೆ, ಆದರೆ ಕೊನೆಗೆ ಉಳಿಯುವುದು ಬಳುಕುವ ರಬ್ಬರು. ‘ಹೆಪ್ಪುಗಟ್ಟು’ ಎಂದರೆ ತುಪ್ಪದ ಹಾಗೆ ಕಾಯಿಸಿದರೆ ಮತ್ತೆ ಕರಗೀತು ಎಂಬ ಭಾವನೆ ಬರುತ್ತದೆ. ಗ್ಯಾರೇಜಿನವರು ‘ಇನ್ನಾ ಸೆಟ್ ಆಗಿಲ್ಲರಿ’ ಎನ್ನುತ್ತಾರೆ. ಮಾತು ಚೆನ್ನಾಗಿದೆ, ಆದರೆ ಪೊರೆ ಕಟ್ಟಿದ್ದಕ್ಕೂ ಪೂರ್ತಿ ಬಿಗಿದದ್ದಕ್ಕೂ ಅದೇ ಮಾತು. ನನ್ನ ಒಲವು ‘ಬಲಿಯುವುದು’ ಎಂಬುದರ ಕಡೆಗಿದೆ. ಕಾಯಿ ಬಲಿಯುವುದು ಒಳಗಿನ ಬದಲಾವಣೆ, ಅದಕ್ಕೆ ಕಾಲ ಬೇಕು, ಬಲಿತದ್ದು ಮತ್ತೆ ಎಳೆಯದಾಗುವುದಿಲ್ಲ. ‘ಹಸಿ’ ಎಂಬ ಗ್ಯಾರೇಜಿನ ಮಾತಿಗೂ ಅದು ಸರಿಹೊಂದುತ್ತದೆ.

ಜೊತೆಗೆ ಇನ್ನೊಂದು. ‘ಉಷ್ಣನಿರೋಧಕ’ ಎಂದರೆ ಶಾಖವನ್ನು ದಾಟಗೊಡದ್ದು ಎಂದೂ ಅರ್ಥವಾಗುವುದರಿಂದ ನಾನು ‘ಕಾವು ತಾಳುವ’ ಎಂದೇ ಬರೆದಿದ್ದೇನೆ. ಆ ತಾಳಿಕೆಗೂ ಮಿತಿಯಿದೆ: ಕೆಂಪು ಸಿಲಿಕೋನ್ ಹೆಚ್ಚಾಗಿ 250ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗಿನದು, ಆದರೆ ಹೊರೆ ಹೊತ್ತ ಡೀಸೆಲ್ ಇಂಜಿನ್ನಿನ ಮ್ಯಾನಿಫೋಲ್ಡ್ (ಇಂಜಿನ್ನಿನಿಂದ ಹೊಗೆ ಮೊದಲು ಹೊರಬೀಳುವ ಕೊಳವೆ) ಬಳಿ ಹೊಗೆಯ ಕಾವು 500 ಡಿಗ್ರಿ ದಾಟಬಲ್ಲದು. ಅಲ್ಲಿ ಲೋಹದ ಪ್ಯಾಕಿಂಗೇ ಬೇಕು, ಸಿಲಿಕೋನ್ ಏನಿದ್ದರೂ ಪೈಪಿನ ಹಿಂಬದಿಯ ತಂಪು ಜಾಯಿಂಟುಗಳಿಗೆ. ‘ಜಾಯಿಂಟ್ ಮುಚ್ಚಿ’ ಎಂಬುದನ್ನೂ ಕೈಬಿಟ್ಟಿದ್ದೇನೆ, ಪೈಪನ್ನೇ ಮುಚ್ಚಿದಂತೆ ಕೇಳಿಸುತ್ತದೆ. ‘ಸಂದು ಬಿಗಿಮಾಡಿ’ ಸಾಕು.

ಸುಣ್ಣದ ಗಾರೆಯೂ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಯೇ ಬಲಗೊಳ್ಳುತ್ತದೆ, ಕೇವಲ ಒಣಗುವುದರಿಂದಲ್ಲ. ಬಳ್ಳಾರಿ, ಕೊಪ್ಪಳ ಕಡೆಯ ಹಳೆಯ ಗಾರೆ ಕೆಲಸದವರು ಇದಕ್ಕೆ ಬಳಸುವ ಕ್ರಿಯಾಪದವನ್ನು ಕೇಳಿ ಬಲ್ಲವರು ದಯವಿಟ್ಟು ತಿಳಿಸಬೇಕು. ಅದು ಇಲ್ಲಿಗೂ ಒಪ್ಪಿದರೆ ‘ಬಲಿಯುವುದು’ ಎಂಬುದನ್ನು ಬಿಟ್ಟು ಅದನ್ನೇ ಹಾಕುತ್ತೇನೆ.