ಕಾಫ್ಕಾ ಬಗ್ಗೆ ಕೇಳಿ: ಜರ್ಮನ್ ಮೇಡಂ ಜೊತೆ ಪ್ರಶ್ನೋತ್ತರ

ಮೇಡಂ: ಜರ್ಮನ್ ಕಲಿಸಲು ಶುರು ಮಾಡಿ 22 ವರ್ಷ ಆಯಿತು. ಜರ್ಮನ್ ಭಾಷೆಯಲ್ಲಿ ಬರೆದ ಕತೆಗಾರ ಫ್ರಾಂಜ್ ಕಾಫ್ಕಾನ ಪಾಠ ಮಾಡದ ವರ್ಷ ಒಂದೂ ಇಲ್ಲ. ಸಂಜೆವರೆಗೂ ಇರುತ್ತೇನೆ, ಕೇಳಿ.

ಹಾಸನದಿಂದ: ನಮಸ್ಕಾರ ಮೇಡಂ. ಯಾವುದರಿಂದ ಓದಲು ಶುರು ಮಾಡಲಿ?

ಮೇಡಂ: ನಮಸ್ಕಾರ. ‘ತೀರ್ಪು’ ಕತೆಯಿಂದ. 1912ರ ಸೆಪ್ಟೆಂಬರ್ 22ರ ರಾತ್ರಿ ಕೂತು ಬೆಳಗಾಗುವ ಹೊತ್ತಿಗೆ ಮುಗಿಸಿದ್ದು ಅದು. ನೀವೂ ಒಂದೇ ಸಲಕ್ಕೆ ಓದಿ ಮುಗಿಸಬಹುದು. ಆಮೇಲೆ ‘ರೂಪಾಂತರ’.

ಮೈಸೂರಿನಿಂದ: ಮೇಡಂ, ನಾನು ‘ರೂಪಾಂತರ’ವನ್ನು ಜರ್ಮನ್‌ನಿಂದಲೇ ಕನ್ನಡಕ್ಕೆ ಮಾಡುತ್ತಿದ್ದೇನೆ. ಮೊದಲ ವಾಕ್ಯದಲ್ಲೇ ಸಿಕ್ಕಿಕೊಂಡು ಮೂರು ವಾರ ಆಯಿತು. ಗ್ರೆಗೋರ್ ಸಾಮ್ಸಾ ಬೆಳಗ್ಗೆ ಎದ್ದಾಗ ‘ಉನ್‌ಗೆತ್ಸೀಫರ್’ ಆಗಿರುತ್ತಾನಲ್ಲ, ಅದಕ್ಕೆ ಜಿರಳೆ ಅಂತ ಹಾಕಿ, ಮುಖಪುಟಕ್ಕೂ ದೊಡ್ಡ ಜಿರಳೆ ಬರೆಸುತ್ತೇವೆ ಅಂತಾರೆ ಪ್ರಕಾಶಕರು. ಏನು ಮಾಡಲಿ?

ಮೇಡಂ: ದಯವಿಟ್ಟು ಆ ಮುಖಪುಟ ನಿಲ್ಲಿಸಿ. 1915ರಲ್ಲಿ ಪುಸ್ತಕ ಅಚ್ಚಿಗೆ ಹೋಗುವಾಗ ಚಿತ್ರಕಾರ ಎಲ್ಲಿ ಹುಳವನ್ನೇ ಬರೆದುಬಿಡುತ್ತಾನೋ ಅಂತ ಕಾಫ್ಕಾಗೆ ಗಾಬರಿಯಾಗಿ, ಅಕ್ಟೋಬರ್ 25ಕ್ಕೆ ಪ್ರಕಾಶಕರಿಗೆ ಕಾಗದ ಬರೆದ. ಅದೊಂದು ಬೇಡ, ದೂರದಿಂದ ಕೂಡ ಹುಳವನ್ನು ತೋರಿಸಬಾರದು ಅಂತ. ಕೊನೆಗೆ ಬಂದ ಮುಖಪುಟದಲ್ಲಿ ಮುಖ ಮುಚ್ಚಿಕೊಂಡ ಒಬ್ಬ ಮನುಷ್ಯ ಇದ್ದಾನೆ, ಹಿಂದೆ ತೆರೆದ ಬಾಗಿಲು, ಒಳಗೆ ಕತ್ತಲೆ. ಅಷ್ಟೇ.

ಇನ್ನು ಪದ. ಉನ್‌ಗೆತ್ಸೀಫರ್ ಅಂದರೆ ಇಂಥದೇ ಹುಳ ಅಂತ ಇಲ್ಲ. ಮನೆಯಿಂದ ಗುಡಿಸಿ ಆಚೆ ಹಾಕಬೇಕು ಅನ್ನಿಸುವಂಥದ್ದು, ನಮ್ಮ ‘ಹುಳಹುಪ್ಪಟೆ’ ಹಾಗೆ. ಹಳೆಯ ಜರ್ಮನ್‌ನಲ್ಲಿ ಬಲಿ ಕೊಡುವುದಕ್ಕೂ ಲಾಯಕ್ಕಿಲ್ಲದ ಮೈಲಿಗೆ ಪ್ರಾಣಿ ಅನ್ನುವ ಅರ್ಥ ಇತ್ತು. ಆ ವಾಕ್ಯವನ್ನು ಜೋರಾಗಿ ಓದಿ ನೋಡಿ. ನೆಮ್ಮದಿಗೆಟ್ಟ ಕನಸು, ಭಯಂಕರ ಗಾತ್ರ, ಆಮೇಲೆ ಈ ಹುಳ, ಮೂರೂ ಪದ ‘ಉನ್’ ಅಂತಲೇ ಶುರುವಾಗುತ್ತವೆ. ಮೂರು ಸಲ ‘ಇಲ್ಲ, ಇಲ್ಲ, ಇಲ್ಲ’ ಅಂದ ಹಾಗೆ ಕೇಳುತ್ತದೆ. ಕನ್ನಡದಲ್ಲಿ ‘ಇಲ್ಲ’ ಪದದ ಹಿಂದೆ ಬರುತ್ತದೆ, ಅದನ್ನೇ ಹಿಡಿಯಿರಿ: ನೆಮ್ಮದಿ ಇಲ್ಲದ ಕನಸು, ಅಳತೆ ಇಲ್ಲದ ಮೈ. ಮೂರನೆಯದಕ್ಕೆ ‘ಹೇಸಿಗೆ ಹುಳ’ ನನಗೆ ಹತ್ತಿರ ಅನ್ನಿಸುತ್ತದೆ, ಆದರೆ ಅಲ್ಲಿ ‘ಇಲ್ಲ’ ತಪ್ಪಿಹೋಗುತ್ತದೆ. ಇನ್ನೂ ಯೋಚಿಸಿ. ಜಿರಳೆ ಅಂತ ಹಾಕಿದರೆ ಓದುವವರು ಚಪ್ಪಲಿ ಹುಡುಕುತ್ತಾರೆ, ಗ್ರೆಗೋರ್ ಹಲ್ಲಿಲ್ಲದ ದವಡೆಯಲ್ಲಿ ಬೀಗದ ಕೈ ಕಚ್ಚಿ ತಿರುಗಿಸುವಾಗ ಬಾಯಿಂದ ಕಂದು ರಸ ಸುರಿಯುತ್ತದಲ್ಲ, ಆ ನೋವು ಯಾರಿಗೂ ತಟ್ಟುವುದಿಲ್ಲ.

ತುಮಕೂರಿನಿಂದ: ಕಾದಂಬರಿಕಾರ ನಬೋಕೋವ್ ಅದು ಜೀರುಂಡೆ ಥರ ಅಂದಿದ್ದರಲ್ಲ?

ಮೇಡಂ: ಹೌದು. ಅವರಿಗೆ ಕೀಟಗಳ ಜ್ಞಾನ ಚೆನ್ನಾಗಿತ್ತು. ಆದರೆ ಕಾಫ್ಕಾ ಹೆಸರು ಹೇಳಲಿಲ್ಲ, ಅನುವಾದಕರೂ ಹೇಳಬಾರದು.

ದಾವಣಗೆರೆಯಿಂದ: ಓದಿ ಅತ್ತುಬಿಟ್ಟೆ, ಎಲ್ಲರಿಗೂ ಕಳಿಸಿ. ಬರ್ಲಿನ್ ಪಾರ್ಕಿನಲ್ಲಿ ಗೊಂಬೆ ಕಳೆದುಕೊಂಡ ಹುಡುಗಿಗೆ ಕಾಫ್ಕಾ ದಿನಾ ಗೊಂಬೆಯ ಹೆಸರಲ್ಲಿ ಕಾಗದ ಬರೆದು ಕೊಟ್ಟ. ವರ್ಷಗಳ ಮೇಲೆ ಗೊಂಬೆಯೊಳಗೆ ಚೀಟಿ ಸಿಕ್ಕಿತು: ‘ನೀನು ಪ್ರೀತಿಸಿದ್ದೆಲ್ಲ ಕಳೆದುಹೋಗಬಹುದು, ಪ್ರೀತಿ ಬೇರೆ ರೂಪದಲ್ಲಿ ಮರಳುತ್ತದೆ.’

ಮೇಡಂ: ಕಾಗದ ಬರೆದ ಕತೆ ಡೋರಾ ದಿಯಾಮಂತ್ ಹೇಳಿದ್ದು. 1923ರಲ್ಲಿ ಬರ್ಲಿನ್ನಿನ ಸ್ಟೆಗ್ಲಿಟ್ಸ್‌ನಲ್ಲಿ ಆಕೆ ಕಾಫ್ಕಾನ ಜೊತೆ ಇದ್ದವರು. ಮೂರು ವಾರ ಬರೆದು, ಕೊನೆಗೆ ಗೊಂಬೆಗೆ ಮದುವೆ ಮಾಡಿ ಕತೆ ಮುಗಿಸಿದ ಅಂತಾರೆ. ಆ ಕಾಗದಗಳೂ ಸಿಕ್ಕಿಲ್ಲ, ಆ ಹುಡುಗಿಯೂ ಸಿಕ್ಕಿಲ್ಲ. ಚೀಟಿಯ ಮಾತು ಮಾತ್ರ ಕಾಫ್ಕಾನದಲ್ಲ, ಆಮೇಲೆ ಯಾರೋ ಸೇರಿಸಿದ್ದು. ಮುಂದಕ್ಕೆ ಕಳಿಸಬೇಡಿ.

ಕೋಲಾರದಿಂದ: ಪಿಡಿಎಫ್ ಇದ್ಯಾ?

ಧಾರವಾಡದಿಂದ: ನನ್ನ ಬರಹ ‘ಎಲ್ಲಾ ಸುಡು’ ಅಂತ ಕಾಫ್ಕಾ ಬರೆದಿಟ್ಟು ಸತ್ತ ಮೇಲೆ ಗೆಳೆಯ ಮ್ಯಾಕ್ಸ್ ಬ್ರೋಡ್ ಅದನ್ನು ಅಚ್ಚು ಹಾಕಿಸಿದ್ದು ನಂಬಿಕೆದ್ರೋಹ ಅಲ್ವಾ?

ಬೆಂಗಳೂರಿನಿಂದ: ಸುಟ್ಟಿದ್ದರೆ 1925ರಲ್ಲಿ ‘ವಿಚಾರಣೆ’ ಕಾದಂಬರಿ ಎಲ್ಲಿಂದ ಬರುತ್ತಿತ್ತು?

ಧಾರವಾಡದಿಂದ: ಓದುಗರಿಗೆ ಲಾಭ ಆಯಿತು ಅಂತ ಕೊಟ್ಟ ಮಾತು ಮುರಿಯಬಹುದಾ?

ಬೆಂಗಳೂರಿನಿಂದ: ಮಾತು ಕೊಟ್ಟಿದ್ದು ಯಾವಾಗ ಸ್ವಾಮಿ? ಸುಡಲ್ಲ ಅಂತ ಮುಖಕ್ಕೇ ಹೇಳಿದ್ದೆ ಅಂತ ಬ್ರೋಡ್ ಬರೆದಿದ್ದಾರೆ. ಓದಿ ವಾದ ಮಾಡಿ.

ಧಾರವಾಡದಿಂದ: ಓದಿಯೇ ಕೇಳುತ್ತಿದ್ದೇನೆ. ನೀವು ಪಾಠ ಹೇಳಬೇಡಿ.

ಉಡುಪಿಯಿಂದ: ಕಾಫ್ಕಾ ಮದುವೆ ಯಾಕೆ ಆಗಲಿಲ್ಲ ಮೇಡಂ?

ಶಿವಮೊಗ್ಗದಿಂದ: ಬರೆದದ್ದು ಜರ್ಮನ್, ಹುಟ್ಟಿದ್ದು ಪ್ರಾಗ್. ಕತೆಗಳಲ್ಲಿ ಯಹೂದಿ ಅನ್ನುವ ಪದವೇ ಇಲ್ಲ. ಸುಮ್ನೆ ಯಹೂದಿ ಲೇಖಕ ಅಂತ ಯಾಕೆ ಹಣೆಪಟ್ಟಿ?

ಮೇಡಂ: ಪದ ಇಲ್ಲ ಅಂದ ಮಾತ್ರಕ್ಕೆ ಬದುಕು ಇಲ್ಲ ಅಂತಲ್ಲ. 1911ರಲ್ಲಿ ಪೂರ್ವ ಯುರೋಪಿನ ಯಹೂದಿಗಳ ಮಾತಾದ ಯಿಡ್ಡಿಷ್‌ನ ನಾಟಕ ಮಂಡಳಿಯೊಂದು ಪ್ರಾಗ್‌ಗೆ ಬಂದಾಗ ಮತ್ತೆ ಮತ್ತೆ ಹೋಗಿ ನೋಡಿದ, ಮುಂದಿನ ವರ್ಷ ಯಿಡ್ಡಿಷ್ ಭಾಷೆಯ ಬಗ್ಗೆ ಭಾಷಣ ಮಾಡಿದ, ಸಾಯುವ ಹಿಂದಿನ ವರ್ಷ ಕ್ಷಯ ಇಟ್ಟುಕೊಂಡೂ ಹೀಬ್ರೂ ಕಲಿಯುತ್ತಿದ್ದ. 1924ರ ಜೂನ್ 3ಕ್ಕೆ ಹೋದ, 41 ತುಂಬಲು ಒಂದು ತಿಂಗಳಿತ್ತು. ಮೂವರು ತಂಗಿಯರನ್ನೂ ನಾಜಿಗಳು ಕೊಂದರು. ಚಿಕ್ಕವಳು ಓಟ್ಲಾ 1943ರಲ್ಲಿ ಅನಾಥ ಮಕ್ಕಳ ಜೊತೆ ತಾನಾಗಿಯೇ ರೈಲು ಹತ್ತಿ ನಾಜಿಗಳ ಕೊಲೆ ಶಿಬಿರವಾಗಿದ್ದ ಆಶ್‌ವಿಟ್ಸ್‌ಗೆ ಹೋದಳು. ಹಣೆಪಟ್ಟಿ ಅಂತ ಹಗುರವಾಗಿ ಅನ್ನಬೇಡಿ.

ಬೆಂಗಳೂರಿನಿಂದ: ಅದಕ್ಕೇ 2016ರಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟು ಬ್ರೋಡ್ ಬಿಟ್ಟುಹೋದ, ಕಾಫ್ಕಾನ ಬರಹಗಳೂ ಇದ್ದ ಕಾಗದಪತ್ರಗಳು ಜೆರುಸಲೇಮಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಸೇರಬೇಕು ಅಂದಿದ್ದು.

ಶಿವಮೊಗ್ಗದಿಂದ: ‘ವಿಚಾರಣೆ’ಯ ಹಸ್ತಪ್ರತಿ ಜರ್ಮನಿಯ ಮಾರ್‌ಬಾಖ್‌ನಲ್ಲಿದೆ, ‘ರೂಪಾಂತರ’ದ್ದು ಆಕ್ಸ್‌ಫರ್ಡ್‌ನಲ್ಲಿ. ಅವರದ್ದೂ ಹಕ್ಕಲ್ವಾ?

ಬೆಂಗಳೂರಿನಿಂದ: ಜರ್ಮನಿಗೆ ಹಕ್ಕು ಅಂತೆ! ಮೇಲೆ ಮೇಡಂ ಬರೆದದ್ದು ಓದಿದ್ರಾ ಇಲ್ವಾ?

ದಾವಣಗೆರೆಯಿಂದ: ಖಿನ್ನತೆ ಓಡಿಸುವ ಕಾಫ್ಕಾನ ಹತ್ತು ಮಾತುಗಳು, ತಪ್ಪದೆ ಓದಿ…

ಮೇಡಂ: ಮತ್ತೆ ಅದೇ. ಹತ್ತರಲ್ಲಿ ಒಂದಾದರೂ ಯಾವ ಪುಸ್ತಕದ್ದು, ಯಾವ ಕಾಗದದ್ದು ಅಂತ ಹಾಕಿದ್ದೀರಾ? ಖಿನ್ನತೆ ಇದ್ದವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಕೋಲಾರದಿಂದ: ಪಿಡಿಎಫ್ ಪ್ಲೀಸ್.

ಮೇಡಂ: ಇಲ್ಲ.

ಬೀದರ್‌ನಿಂದ: ಯಾವುದರಿಂದ ಶುರು ಮಾಡಬೇಕು ಮೇಡಂ?

ಮೇಡಂ: ಮೇಲೆ ಇದೆ.

ಮೈಸೂರಿನಿಂದ: ಮೇಡಂ, ಕೊನೇದು. ಮನೆಗೆಲಸದ ಮುದುಕಿ ಗ್ರೆಗೋರ್‌ನನ್ನು ‘ಮಿಸ್ಟ್‌ಕೇಫರ್’ ಅಂತ ಕರೆಯುತ್ತಾಳಲ್ಲ, ಅಲ್ಲಾದರೂ ಸಗಣಿಹುಳ ಅಂತ ಹಾಕಬಹುದಾ?

ಮೇಡಂ: ಅಲ್ಲಿ ಹಾಕಲೇಬೇಕು. ಅದು ಅವಳ ಬಾಯಿಂದ ಬರುವ ಮಾತು, ಅವಳಿಗೆ ಅವನನ್ನು ಕಂಡರೆ ಭಯವಿಲ್ಲ. ಸಲಿಗೆಯಿಂದ ‘ಬಾರೋ ಸಗಣಿಹುಳ’ ಅಂದ ಹಾಗಿರಲಿ. ಮೊದಲ ಪುಟ ಇವತ್ತೇ ಕಳಿಸಿ, ನೋಡುತ್ತೇನೆ.