ಟ್ಯಾಬ್ಲೆಟ್ ನೋಡಿ ವಿಮಾನ ಹಾರಿಸುವವರ ಪ್ರಶ್ನೆಗಳು, ಇನ್‌ಸ್ಟ್ರಕ್ಟರ್ ಉತ್ತರಗಳು

ಹೊಸ ಸೋಲೋ: ಮೇಡಂ, ಕಾಗದದ ಚಾರ್ಟ್ (ಹಾರಾಟದ ನಕ್ಷೆ) ಬಿಟ್ಟು ಟ್ಯಾಬ್ಲೆಟ್‌ಗೆ ಹೋಗೋಣ ಅಂತಿದ್ದೇನೆ. ಯಾವುದು ತಗೊಳ್ಳಲಿ?

ಇನ್‌ಸ್ಟ್ರಕ್ಟರ್: ಒಳಗೇ ಜಿಪಿಎಸ್ ಇರುವುದು. ಬರೀ ವೈಫೈ ಐಪ್ಯಾಡ್‌ನಲ್ಲಿ ಅದು ಇರುವುದಿಲ್ಲ. ಚಾರ್ಟ್‌ಗಳನ್ನು ನೆಲದ ಮೇಲೇ ಡೌನ್‌ಲೋಡ್ ಮಾಡಿಕೊಳ್ಳಿ. 28 ದಿನಕ್ಕೊಮ್ಮೆ ಹೊಸ ಡೇಟಾ ಬರುತ್ತದೆ.

ಮೋಡದಾಚೆ: ಬಿಸಿಲಿಗೆ ಸ್ಕ್ರೀನ್ ಆರಿಹೋಗುತ್ತೆ. ಹೊರಡುವ ಮುಂಚೆ ಫ್ರಿಜ್‌ನಲ್ಲಿಡಿ ಅಂತ ಒಂದು ಫಾರ್ವರ್ಡ್ ಬಂದಿದೆ. ಮಾಡಬಹುದಾ?

ಇನ್‌ಸ್ಟ್ರಕ್ಟರ್: ಬೇಡ. ತಣ್ಣಗಿನದನ್ನು ಬೆಚ್ಚಗಿನ ಗಾಳಿಗೆ ತಂದರೆ ಒಳಗೆ ತೇವ ಕಟ್ಟುತ್ತದೆ. ಐಪ್ಯಾಡ್ ಬಳಸಲು ಆಪಲ್ ಹೇಳುವ ಮಿತಿ 0ರಿಂದ 35 ಡಿಗ್ರಿ. ಬಿಸಿಲಲ್ಲಿ ನಿಂತ ಕಾಕ್‌ಪಿಟ್ ಅದನ್ನು ದಾಟಿಬಿಡುತ್ತದೆ. ನೆರಳಲ್ಲಿಡಿ, ಹಿಂಬದಿಗೆ ಗಾಳಿಯಾಡಲಿ, ಬಿಸಿ ಏರಿದರೆ ಚಾರ್ಜರ್ ಕಿತ್ತುಬಿಡಿ.

ನ್ಯಾವ್ ವಿದ್ಯಾರ್ಥಿನಿ: ಕಾಂಪಸ್, ಡಿಐ (ದಿಕ್ಕು ತೋರಿಸುವ ಇನ್ನೊಂದು ಮೀಟರ್) ಎರಡೂ 090 ಡಿಗ್ರಿ, ಅಂದರೆ ಪೂರ್ವ, ತೋರಿಸುತ್ತಿದ್ದವು. ಟ್ಯಾಬ್ಲೆಟ್‌ನಲ್ಲಿ ಮಾತ್ರ ಟ್ರ್ಯಾಕ್ (ವಿಮಾನ ನಿಜವಾಗಿ ಸಾಗುವ ದಿಕ್ಕು) 110. ಗಾಳಿ ತಳ್ಳುತ್ತಿದೆ ಅಂದುಕೊಂಡೆ, ಆದರೆ ಗಾಳಿ ಅಷ್ಟಿರಲಿಲ್ಲ.

ಇನ್‌ಸ್ಟ್ರಕ್ಟರ್: ಟ್ಯಾಬ್ಲೆಟ್ ಎಲ್ಲಿತ್ತು? ಕವರ್‌ನಲ್ಲಿ ಆಯಸ್ಕಾಂತ ಇದೆಯಾ?

ನ್ಯಾವ್ ವಿದ್ಯಾರ್ಥಿನಿ: ಇದೆ. ಕಾಂಪಸ್‌ಗೆ ಒಂದು ಗೇಣು ದೂರದಲ್ಲಿತ್ತು.

ಇನ್‌ಸ್ಟ್ರಕ್ಟರ್: ಆ ಆಯಸ್ಕಾಂತವೇ ಕಾಂಪಸ್ಸನ್ನು ಎಳೆದಿರಬೇಕು. ಡಿಐ ಗೈರೋದಿಂದ, ಅಂದರೆ ಒಳಗೆ ತಿರುಗುವ ಚಕ್ರದಿಂದ ನಡೆಯುವುದು, ತಾನಾಗಿ ಉತ್ತರ ದಿಕ್ಕು ಹುಡುಕುವುದಿಲ್ಲ. 10–15 ನಿಮಿಷಕ್ಕೊಮ್ಮೆ ಕಾಂಪಸ್ ನೋಡಿ ನಾವೇ ಅದನ್ನು ಹೊಂದಿಸುತ್ತೇವೆ. ಕಾಂಪಸ್ ತಪ್ಪಿದ್ದರೆ ಆ ತಪ್ಪನ್ನು ನಮ್ಮ ಕೈಯಾರೆ ಡಿಐಗೂ ದಾಟಿಸಿದ ಹಾಗೆ. ಎರಡು ಸಾಕ್ಷಿ ಒಂದೇ ಮಾತು ಹೇಳಿದವು, ಆದರೆ ಒಂದು ಇನ್ನೊಂದರ ಬಾಯಿಂದ ಕೇಳಿ ಹೇಳಿದ್ದು.

ಈ ಸಲ ಸ್ಕ್ರೀನ್ ನಿಜ ಹೇಳಿರಬಹುದು. ಅದು ಆರಿಹೋದರೆ? ಆಯಸ್ಕಾಂತ ಆರುವುದಿಲ್ಲ, ಎಳೆಯುತ್ತಲೇ ಇರುತ್ತದೆ. 1 ಡಿಗ್ರಿ ತಪ್ಪಿದರೆ 60 ಮೈಲಿಗೆ 1 ಮೈಲಿ ಪಕ್ಕಕ್ಕೆ ಹೋಗುತ್ತೇವೆ. 20 ಡಿಗ್ರಿ ಅಂದರೆ ಸುಮಾರು 20 ಮೈಲಿ! ಡೀವಿಯೇಷನ್ ಕಾರ್ಡನ್ನೂ (ಕಾಂಪಸ್ ಎಷ್ಟು ತಪ್ಪು ತೋರಿಸುತ್ತದೆ ಅಂತ ಬರೆದಿಟ್ಟ ಚೀಟಿ) ನಂಬಿ ಕೂರಬೇಡಿ, ಅದನ್ನು ಬರೆದಾಗ ನಿಮ್ಮ ಟ್ಯಾಬ್ಲೆಟ್ ಅಲ್ಲಿರಲಿಲ್ಲ. ನಿಂತ ವಿಮಾನದಲ್ಲಿ ಟ್ಯಾಬ್ಲೆಟ್ಟನ್ನು ಕಾಂಪಸ್ ಹತ್ತಿರ ತನ್ನಿ, ದೂರ ಒಯ್ಯಿರಿ. ಏನಾಗುತ್ತೆ ನೋಡಿ ಬರೆಯಿರಿ.

ಹಳೇ ರೆಕ್ಕೆ: ಇದಕ್ಕೇ ಕಾಗದ ಅನ್ನೋದು. ಆರಲ್ಲ, ಕಾಂಪಸ್ಸನ್ನೂ ಎಳೆಯಲ್ಲ.

ಮೋಡದಾಚೆ: ತೊಡೆ ಮೇಲೆ ಅದನ್ನು ಬಿಚ್ಚಿ ಮಡಚೋ ಅಷ್ಟರಲ್ಲಿ ಹೋಗಬಾರದ ಏರ್‌ಸ್ಪೇಸ್‌ಗೆ ನುಗ್ಗಿರ್ತೀರಿ.

ಹಳೇ ರೆಕ್ಕೆ: ಹೊರಡುವ ಮೊದಲೇ ಮಡಚಿಟ್ಟುಕೊಳ್ಳಬೇಕು. ಕಿಟಕಿಯಾಚೆ ನೋಡಿ ಜಾಗ ಗುರುತಿಸಲು ಬಾರದವರು ಹಾರಲೇಬಾರದು.

ಮೋಡದಾಚೆ: ಯಾರಿಗೆ ಹೇಳ್ತಿದ್ದೀರಿ? ಮಾತು ನೋಡಿಕೊಂಡು ಆಡಿ.

ರನ್‌ವೇ 27: ಎರಡು ಟ್ಯಾಬ್ಲೆಟ್ ಇದ್ದರೆ ಕಾಗದ ಬಿಡಬಹುದಾ ಮೇಡಂ?

ಹಳೇ ರೆಕ್ಕೆ: ಬಿಸಿಲು ಎರಡಕ್ಕೂ ಒಂದೇ.

ಬೆಳಗಿನ ಹಾರಾಟ: ಕೂಲಿಂಗ್ ಗ್ಲಾಸ್ ಹಾಕಿದರೆ ಸ್ಕ್ರೀನ್ ಕಪ್ಪಾಗಿ ಕಾಣುತ್ತೆ.

ಇನ್‌ಸ್ಟ್ರಕ್ಟರ್: ಪೋಲರೈಸ್ಡ್ ಇರಬೇಕು. ಬೇರೆ ತಗೊಳ್ಳಿ.

ಗಾಳಿಪಟ: ಮೇಡಂ, ಯಾವ ಟ್ಯಾಬ್ಲೆಟ್ ಒಳ್ಳೇದು?

ಇನ್‌ಸ್ಟ್ರಕ್ಟರ್: ಮೇಲಿದೆ. ಓದಿ.

ಗಾಳಿಪಟ: ಒಂದು ಸಾಲು ಹೇಳಿದರೆ ಏನಾಗುತ್ತಿತ್ತು? ಇರಲಿ, ಹಿಂದೆ ಐಸ್ ಪ್ಯಾಕ್ ಕಟ್ಟಿದರೆ ಬಿಸಿಯಾಗಲ್ಲವಂತೆ, ಎಲ್ಲರಿಗೂ ಕಳಿಸಿ.

ಇನ್‌ಸ್ಟ್ರಕ್ಟರ್: ಯಾರಿಗೂ ಕಳಿಸಬೇಡಿ. ಫ್ರಿಜ್‌ಗೆ ಹೇಳಿದ್ದೇ ಇದಕ್ಕೂ. ಇಂಥದ್ದು ನಂಬಿ ಒಬ್ಬರೇ ಮೇಲೆ ಹೋದ ಮೇಲೆ ಸ್ಕ್ರೀನ್ ಕೆಟ್ಟರೆ ಕಳಿಸಿದವರು ಜೊತೆಗಿರುವುದಿಲ್ಲ. ಇನ್ನು ಇಂಥ ಮೆಸೇಜ್ ಇಲ್ಲಿ ಹಾಕಿದರೆ ತೆಗೆಯುತ್ತೇನೆ.

ನ್ಯಾವ್ ವಿದ್ಯಾರ್ಥಿನಿ: ಪರೀಕ್ಷೆ ಮಾಡಿದೆ ಮೇಡಂ. ಹತ್ತಿರ ತಂದಾಗ ಕಾಂಪಸ್ ಮೆಲ್ಲಗೆ ತಿರುಗಿ ನಿಂತಿತು. ತೊಡೆ ಮೇಲೆ ಇಟ್ಟಾಗ ವಾಪಸ್ ಬಂತು.

ಇನ್‌ಸ್ಟ್ರಕ್ಟರ್: ಸರಿ, ಇನ್ನು ಅದು ತೊಡೆ ಮೇಲೇ ಇರಲಿ. ಆ ವಿಮಾನ ಹಾರಿಸುವ ಉಳಿದವರಿಗೂ ಇವತ್ತೇ ಹೇಳಿ.